ಹಿಟ್ಟಿನ ಡಬ್ಬಿಯಲ್ಲಿಟ್ಟ ಬಾಟಲಿ

ಬಾಟಲಿಯನ್ನು ನಾನು ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹೂತಿಟ್ಟೆ. ಕುತ್ತಿಗೆ ಮುಚ್ಚುವ ತನಕ ಹಿಟ್ಟು ಸುರಿದು, ಮುಚ್ಚಳ ಹಾಕಿ, ಅದರ ಮೇಲೆ ರುಬ್ಬುವ ಗುಂಡನ್ನು ಎತ್ತಿಟ್ಟೆ. ಬ್ಯಾಡಗಿಯಲ್ಲಿ ಖಾನಾವಳಿ ನಡೆಸುವ ಹೆಂಗಸು ನಾನು. ಹಿಟ್ಟಿನ ಡಬ್ಬಿಗೆ ನನ್ನ ಹೊರತು ಯಾರೂ ಕೈ ಹಾಕುವುದಿಲ್ಲ ಎಂಬುದೊಂದೇ ಧೈರ್ಯ. ಆದರೂ ಮಲಗಿದಲ್ಲಿ ಕಿವಿಯೆಲ್ಲ ಅಡುಗೆಮನೆಯ ಕಡೆಗೇ ಇತ್ತು. ಮಗ್ಗುಲಲ್ಲಿದ್ದ ನಮ್ಮವರು ಹೊರಳಿದರೆ ಸಾಕು, ಎದ್ದು ಕೂತುಬಿಡುತ್ತಿದ್ದೆ.

ನಮ್ಮವರು ಮೊದಲು ಗೋವಾದ ಒಂದು ಹೋಟೆಲಿನ ಬಾರಿನಲ್ಲಿ ದಾರು ಕಲಸಿ ಕೊಡುವ ಕೆಲಸದಲ್ಲಿದ್ದರು. ಕಲಸುತ್ತ ಕಲಸುತ್ತ ತಾವೂ ಕುಡಿದರು. ಕುಡಿಯುತ್ತ ಕುಡಿಯುತ್ತ ಹೋಟೆಲಿನವರು ಕೆಲಸ ಬಿಡಿಸಿದರು, ಊರಿಗೆ ಬಂದರು, ಇಲ್ಲಿಯೂ ಬಿಡಲಿಲ್ಲ. ಕೊನೆಗೆ ಹೊಟ್ಟೆ ಬಾತು, ಕಣ್ಣು ಅರಿಶಿಣವಾಗಿ, ಹಾವೇರಿ ದವಾಖಾನೆಯಲ್ಲಿ ಮಲಗಿದರು. ಅಲ್ಲಿಯ ಡಾಕ್ಟರು ನನ್ನನ್ನು ಹೊರಗೆ ಕರೆದು, "ನೋಡವಾ, ಈ ಸಲ ಉಳಸೀನಿ. ಇನ್ನ ಒಂದು ಗುಟುಕು ಇಂವನ ಹೊಟ್ಟಿಗೆ ಹೋದ್ರ ನನ್ನ ಕಡೆ ಕರಕೊಂಡು ಬರಬ್ಯಾಡ, ಸುಮ್ಮನ ಮನ್ಯಾಗ ಇಟ್ಕೋ" ಎಂದಿದ್ದರು. ದವಾಖಾನೆಯಿಂದ ನೆಟ್ಟಗೆ ಕದರಮಂಡಲಗಿಗೆ ಹೋಗಿ, ಆಂಜನೇಯನ ಮುಂದೆ ನಿಂತು, ದಾರು ಕುಡಿಯುವುದಿಲ್ಲ, ಬಾಟಲಿಯನ್ನು ಕೈಯಿಂದಲೂ ಮುಟ್ಟುವುದಿಲ್ಲ ಎಂದು ಆಣೆ ಮಾಡಿದರು. ಅಂದಿನಿಂದ ಮಾತು ಉಳಿಸಿಕೊಂಡಿದ್ದರು. ನನ್ನ ಜೊತೆ ನಿಂತು ಹಿಟ್ಟು ನಾದುತ್ತಿದ್ದರು, ಎಲೆ ಹಾಕುತ್ತಿದ್ದರು. ಅಂಥ ಮನೆಗೆ ಬಾಟಲಿ ಬಂದಿತ್ತು. ತಂದದ್ದು ನಮ್ಮ ಸಾವಕಾರರು.

ಸಾವಕಾರರೆಂದರೆ ಮೆಣಸಿನಕಾಯಿ ಪ್ಯಾಟೆಯಲ್ಲಿ ಅಂಗಡಿ ಇದ್ದವರು. ನಮ್ಮ ಖಾನಾವಳಿ ಇರುವುದೇ ಅವರ ಮನೆಯಲ್ಲಿ. ನಮ್ಮವರನ್ನು ಅಂದು ಹಾವೇರಿಗೆ ಹಾಕಿಕೊಂಡು ಹೋದದ್ದು ಅವರದೇ ಜೀಪು. ಕೆಟ್ಟವರಲ್ಲ, ದೇವರಂಥವರು. ಆದರೆ ಒಮ್ಮೆಯೂ ಕುಡಿಯದ ಮನುಷ್ಯನಿಗೆ ಕುಡುಕನ ಸಂಕಟ ಹೇಗೆ ತಿಳಿಯಬೇಕು?

"ತಂಗಿ," ಎಂದರು, "ಮೆಕ್ಸಿಕೋ ದೇಶದಿಂದ ಒಬ್ಬ ಹೆಣ್ಣುಮಗಳು ಬಂದಾರ, ವ್ಯಾಪಾರದ ಬಾಯಾರು. ನಮ್ಮ ಮೆಣಸಿನಕಾಯಿ ಬಣ್ಣಾ ನೋಡಿ ಮರುಳಾಗ್ಯಾರ. ನಾಳೆ ವ್ಯಾಪಾರದ ಮಾತು ಮುಗಸ್ತೇವಿ. ಮಾತು ಮುಗದ ಮ್ಯಾಲ ತಮ್ಮ ದೇಶದ ದಾರು ಕುಡಿಯೂದು ಅವರ ಪದ್ಧತಿ ಅಂತ. ಬಾಟ್ಲಿ ಅವರಽ ತಂದಾರ. ಲಿಂಬಿಹಣ್ಣು, ಉಪ್ಪು ಹಾಕಿ ಏನೋ ಮಾಡಬೇಕಂತ. ನಾ ಹೂಂ ಅಂದುಬಿಟ್ಟೇನಿ."

"ನಿಮ್ಮ ಮನ್ಯಾಗ ಮಾಡಸ್ರಲ್ಲ ಅಣ್ಣಾರ."

"ನಮ್ಮವ್ವ ನನ್ನ ಹೊರಗ ಹಾಕ್ತಾಳ. ಅಂಗಡ್ಯಾಗಂತೂ ನಾಳೆ ಅಮಾಸಿ ಪೂಜಿ. ನಿನ್ನ ಗಂಡ ಗೋವಾದಾಗ ಇದನ್ನಽ ಮಾಡ್ತಿದ್ದನಲ್ಲ? ಅವನ ಕಡೆ ಮಾಡಸು."

"ಅವರು ಮುಟ್ಟೂದಿಲ್ರಿ. ಆಣಿ ಮಾಡ್ಯಾರ."

"ಕುಡಿ ಅಂದೇನೇನು? ಕಲಸೂದು ಬ್ಯಾರೆ, ಕುಡಿಯೂದು ಬ್ಯಾರೆ, ತಂಗಿ."

ಬೇರೆ ಬೇರೆ ಆಗಿದ್ದರೆ ನನ್ನ ಬದುಕು ಹೀಗಾಗುತ್ತಿರಲಿಲ್ಲ ಎಂದು ಬಾಯಿಗೆ ಬಂತು. ನುಂಗಿಕೊಂಡೆ. ಗಂಡನ ಜೀವ ಹೊತ್ತುಕೊಂಡು ಓಡಿದ ಮನುಷ್ಯ ಎದುರಿಗೆ ನಿಂತು ಕೇಳುವಾಗ ಇಲ್ಲ ಎನ್ನುವುದು ಹೇಗೆ? "ಅವರು ಬ್ಯಾಡ್ರಿ. ನಾನಽ ಮಾಡ್ತೇನಿ," ಎಂದೆ. ಚಹಾ ಬಿಟ್ಟು ಮತ್ತೊಂದನ್ನು ಕಲಸಿ ಗೊತ್ತಿಲ್ಲದ ನಾನು, ಹೆಸರು ಸಹ ಕೇಳದ ಪರದೇಶದ ದಾರು ಕಲಸುತ್ತೇನೆಂದು ಹೇಳಿ ಕುಳಿತೆ.

ಅಮಾವಾಸ್ಯೆಯ ಮುಂಜಾನೆ ನಾನು ಮಾಡಿದ ಮೊದಲ ಕೆಲಸ, ನಮ್ಮವರನ್ನು ಬಾಟಲಿಯಿಂದ ದೂರ ಒಯ್ದದ್ದು. ಈ ದಾರುವಿಗೆ ಮಂಜುಗಡ್ಡೆ ಬೇಕೇ ಬೇಕಂತೆ. ಚಳಿ ಇನ್ನೂ ಮುಗಿದಿರಲಿಲ್ಲ, ನಮ್ಮ ಊರಿನ ಐಸ್‌ಕ್ಯಾಂಡಿ ಅಂಗಡಿ ಬಾಗಿಲು ಹಾಕಿತ್ತು. ರಾಣೆಬೆನ್ನೂರಿಗೇ ಹೋಗಬೇಕು. ಅತ್ತೆಗೆ, ಸಂಜೆ ಸಾವಕಾರರ ಅತಿಥಿ ಊಟಕ್ಕೆ ಬರುತ್ತಾರೆ ಎಂದಷ್ಟೇ ಹೇಳಿ, ಗಂಡನನ್ನು ಕರೆದುಕೊಂಡು ಬಸ್ಸು ಹತ್ತಿದೆ. ಬಾಟಲಿ ಬ್ಯಾಡಗಿಯಲ್ಲಿ, ಗಂಡ ನನ್ನ ಪಕ್ಕದಲ್ಲಿ. ಅಷ್ಟು ಹೊತ್ತಾದರೂ ಉಸಿರಾಡಿದೆ.

ಬಸ್ಸಿನಲ್ಲಿ, ಬಾಟಲಿ ಎಲ್ಲಿದೆ ಎಂಬುದೊಂದು ಬಿಟ್ಟು, ಅವರಿಗೆ ಎಲ್ಲ ಹೇಳಿದೆ. ಅವರು ಮಾಡುವ ರೀತಿ ಹೇಳಿಕೊಟ್ಟರು. ಅದರ ಹೆಸರು ಮಾರ್ಗರೀಟಾ ಅಂತೆ. ಮೂರು ಪಾಲು ಆ ಬಾಟಲಿಯ ದಾರು, ಎರಡು ಪಾಲು ಕಿತ್ತಳೆ ಸಿಪ್ಪೆಯಿಂದ ಮಾಡಿದ ಸಿಹಿ ದಾರು, ಒಂದು ಪಾಲು ಲಿಂಬೆ ರಸ. ಮಂಜುಗಡ್ಡೆ ಹಾಕಿ ಕುಲುಕಬೇಕು. ಗ್ಲಾಸಿನ ಅಂಚಿಗೆ ಉಪ್ಪು ಹಚ್ಚಬೇಕು. ಕಿತ್ತಳೆಯ ದಾರು ಬ್ಯಾಡಗಿಯಲ್ಲಿ ಯಾವ ದೇವರು ಕೊಡುತ್ತಾನೆ? ಅದರ ಬದಲು ಸಿಪ್ಪೆ ಕುದಿಸಿ ಸಕ್ಕರೆ ಪಾಕ ಮಾಡೋಣ, ಪಾಕ ಒಂದು ಪಾಲಿಗಿಂತ ಹೆಚ್ಚು ಬೇಡ ಎಂದರು. ಹೇಳುತ್ತ ಹೇಳುತ್ತ ಅವರ ಮುಖ ಬೆಳಗಿತು. ಬೆರಳು ಗಾಳಿಯಲ್ಲಿಯೇ ಗ್ಲಾಸು ಹಿಡಿದವು. ನಾನು ಆ ಕೈ ಹಿಡಿದು ಕೆಳಗಿಳಿಸಿದೆ.

"ಆದ್ರ ಅಳತಿ ಬರೇ ದಾರಿ ತೋರಸತೈತಿ," ಎಂದರು. "ಲಿಂಬಿ ದಿನಕ್ಕೊಂದು ನಮೂನಿ ಇರತೈತಿ. ಕಡೀಕ ಒಂದು ಹನಿ ನಾಲಿಗಿ ಮ್ಯಾಲ ಇಟ್ಟು ನೋಡಬೇಕು. ರುಚಿ ನೋಡದ ಕೊಟ್ಟಂವ ಆ ಕೆಲಸಕ್ಕಽ ಲಾಯಕ್ಕಲ್ಲ."

ಆ ಒಂದು ಹನಿಯಿಂದಲೇ ನಮ್ಮ ಮನೆ ಹೊತ್ತಿಕೊಂಡದ್ದು. "ಇವತ್ತ ಯಾರೂ ರುಚಿ ನೋಡೂದಿಲ್ಲ," ಎಂದೆ. "ನನಗ ಅಳತಿ ಹೇಳ್ರಿ, ಅಷ್ಟಽ ಸಾಕು." ಅವರು ಕಿಟಕಿಯ ಕಡೆ ಮುಖ ಮಾಡಿದರು.

ರಾಣೆಬೆನ್ನೂರಿನಲ್ಲಿ ಮಂಜುಗಡ್ಡೆಯ ತುಂಡೊಂದನ್ನು ಸ್ಟೀಲ್ ಡಬ್ಬಿಯಲ್ಲಿ ಹಾಕಿ, ಸುತ್ತಲೂ ಭತ್ತದ ಹೊಟ್ಟು ತುಂಬಿ, ಗೋಣಿಚೀಲದಲ್ಲಿ ಬಿಗಿದೆವು. ಲಿಂಬೆಹಣ್ಣಿಗಾಗಿ ಮಾರುಕಟ್ಟೆ ತಿರುಗಿ ತಿರುಗಿ ಕಾಲು ಬಿದ್ದುಹೋದವು. ಅಮಾವಾಸ್ಯೆಯ ದಿನ ಲಿಂಬೆ ಹುಡುಕುವವರಿಗಿಂತ ಮೂರ್ಖರಿಲ್ಲ. ಲಾರಿಗೆ ಕಟ್ಟಲು, ಅಂಗಡಿ ಬಾಗಿಲಿಗೆ ಕಟ್ಟಲು, ಟ್ರ್ಯಾಕ್ಟರ್ ಗಾಲಿಯ ಕೆಳಗಿಡಲು ಎಲ್ಲರೂ ಬೆಳಗಾಗುವ ಮೊದಲೇ ಒಯ್ದಿರುತ್ತಾರೆ. ಕೊನೆಗೆ ಒಬ್ಬ ಮುದುಕಿಯ ಬುಟ್ಟಿಯ ತಳದಲ್ಲಿ ಒಂದಿಷ್ಟು ಹಸಿರು ಹಣ್ಣು ಸಿಕ್ಕವು. ಕೇಳಿದಷ್ಟು ಕೊಟ್ಟು ಸೆರಗಿಗೆ ಕಟ್ಟಿಕೊಂಡೆ. ಬರುವಾಗ ಮೋಟೆಬೆನ್ನೂರ ಕ್ರಾಸಿನಲ್ಲಿ ಬಸ್ಸು ಕೆಟ್ಟು ನಿಂತಿತು. ಗೋಣಿಚೀಲದಿಂದ ನೀರು ತೊಟ್ಟಿಕ್ಕತೊಡಗಿತು. ಮನೆ ಮುಟ್ಟಿದಾಗ ಮಂಜುಗಡ್ಡೆ ಅರ್ಧಕ್ಕರ್ಧ ಉಳಿದಿತ್ತು.

ಮಧ್ಯಾಹ್ನದ ಊಟದವರು ಎದ್ದುಹೋದ ಮೇಲೆ ಕಿತ್ತಳೆಯ ಸಿಪ್ಪೆ ಹೆರೆದೆ. ಒಳಗಿನ ಬಿಳಿ ಬಂದರೆ ಕಹಿ, ಮೇಲಿನ ಕೇಸರಿಯಷ್ಟೇ ಬರಬೇಕು ಎಂದು ನಮ್ಮವರು ಕಟ್ಟೆಯ ಮೇಲಿಂದ ಕೂಗಿ ಹೇಳುತ್ತಿದ್ದರು. ಅವರು ಅಡುಗೆಮನೆಯ ಹೊಸ್ತಿಲು ದಾಟಬಾರದೆಂದು ನಾನು ಕಟ್ಟಪ್ಪಣೆ ಮಾಡಿದ್ದೆ. ಸಿಪ್ಪೆ, ಸಕ್ಕರೆ, ನೀರು ಕುದಿಸಿ ಎಳೆ ಬರುವ ಮೊದಲೇ ಇಳಿಸಿದೆ. ಹರಳುಪ್ಪನ್ನು ಒರಳಿನಲ್ಲಿ ಕುಟ್ಟಿದರೆ ಕೆಂಪಾಗಿ ಬಂತು, ಬ್ಯಾಡಗಿಯ ಒರಳಿನಲ್ಲಿ ಮೆಣಸಿನಕಾಯಿ ಹೋದರೂ ಬಣ್ಣ ಹೋಗುವುದಿಲ್ಲ. ತಿಕ್ಕಿ ತೊಳೆದು ಮತ್ತೆ ಕುಟ್ಟಿದೆ. ದಾರುವಿನ ಜಾಗಕ್ಕೆ ಬರೀ ನೀರು ಹಾಕಿ, ಎಣ್ಣೆ ಅಳೆಯುವ ಸಣ್ಣ ಅಳತೆಯಿಂದ ಅಳೆದು, ಒಂದು ಹಣ್ಣು ಹಿಂಡಿ ಕಲಸಿ ಕುಡಿದು ನೋಡಿದೆ. ಹುಳಿ, ಸಿಹಿ ಎರಡೂ ಸರಿ ಇದ್ದವು. ಈ ಹಣ್ಣಿಗೆ ಈ ಅಳತೆ ಎಂದು ಗಟ್ಟಿ ಮಾಡಿಕೊಂಡೆ. ಇನ್ನು ಯಾರೂ ದಾರು ರುಚಿ ನೋಡುವ ಗರಜಿಲ್ಲ. ಅರ್ಧ ಗೆದ್ದೆ ಎಂದುಕೊಂಡೆ.

ಬೆಳಕಿರುವಾಗಲೇ ಉಳಿದ ಲಿಂಬೆಯನ್ನೆಲ್ಲ ಹೆಚ್ಚಿ ತಾಟಿನಲ್ಲಿಟ್ಟೆ, ಪಕ್ಕಕ್ಕೆ ಉಪ್ಪು. ಸಾರಿನ ಒಗ್ಗರಣೆಗೆಂದು ತೆಗೆದ ಒಣಮೆಣಸಿನಕಾಯಿಯೂ ಅಲ್ಲೇ ಇದ್ದವು. ಹಿಟ್ಟಿನಿಂದ ಬಾಟಲಿ ತೆಗೆದು ಒಲೆಯ ಹಿಂದೆ ನಿಲ್ಲಿಸಿದೆ. ಸಾವಕಾರರ ಮನೆಯಿಂದ ಬಂದ ಗಾಜಿನ ಗ್ಲಾಸು ತೊಳೆದಿಟ್ಟು, ಮಾಳಿಗೆಯ ಮೇಲೆ ಕುರ್ಚಿ ಹಾಕಲು ಹೋದೆ. ಹೋಗಿ ಬರುವಷ್ಟರಲ್ಲಿ ತಾಟು ಬರಿದಾಗಿತ್ತು. ಉಪ್ಪಿಲ್ಲ, ಮೆಣಸಿನಕಾಯಿ ಇಲ್ಲ, ಲಿಂಬೆ ಇಲ್ಲ!

ನನ್ನ ಅತ್ತೆ ಬಾಗಿಲಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದಳು.

"ಅತ್ತೀ, ಇಲ್ಲಿದ್ದ ಲಿಂಬಿಹಣ್ಣು ಎಲ್ಲಿ ಹೋದ್ವು?"

"ಅಂವ ಕಟ್ಟಿ ಮ್ಯಾಲ ಕಣ್ಣು ಮುಚ್ಚಿ ಒರಗಿದ್ದ, ಹಂಗಽ ಇಳಿ ತಗದು ಒಗದು ಬಂದ್ನೆವಾ," ಎಂದಳು, ಸಮಾಧಾನದಿಂದ. "ಮೂರು ದಾರಿ ಕೂಡಿದಲ್ಲೆ. ಹೊಳ್ಳಿ ಸುದ್ದಾ ನೋಡಲಿಲ್ಲ. ಮುಂಜಾನಿಂದ ಅವನ ಮಾರಿ ಬಾಡಿತ್ತು. ಅಮಾಸಿ ದಿನ ನೀನಽ ತಿಳದು ಗಂಡಗ ದೃಷ್ಟಿ ತಗ್ಯಾಕ ಇಟ್ಟೀದಿ ಅಂತ ಜೀವಕ್ಕ ಖುಷಿ ಆತು."

ಏನೆನ್ನಲಿ ನಾನು? ಲಿಂಬೆ, ಉಪ್ಪು, ಒಣಮೆಣಸಿನಕಾಯಿ ಒಂದೇ ತಾಟಿನಲ್ಲಿ, ಅದೂ ಅಮಾವಾಸ್ಯೆಯ ಮುಚ್ಚಂಜೆ. ನಮ್ಮ ಕಡೆಯ ಯಾವ ತಾಯಿಯಾದರೂ ಅದನ್ನೇ ಮಾಡುತ್ತಿದ್ದಳು. ಓಡಿಹೋಗಿ ಆರಿಸಿ ತರೋಣವೆಂದರೆ ಇಳಿ ತೆಗೆದ ಹಣ್ಣು. ನನ್ನ ಗಂಡನ ಪೀಡೆಯನ್ನು ಹಿಂಡಿ ಮನೆಗೆ ಬಂದ ಅತಿಥಿಗೆ ಕುಡಿಸಲೇ? ಆ ಪಾಪ ಬೇಡ. ಸಾವಕಾರರು ಬರುವ ಹೊತ್ತಾಗಿತ್ತು. ತಲೆಯ ಮೇಲೆ ಕೈ ಹೊತ್ತು ಕುಳಿತುಬಿಡುವುದೊಂದು ಬಾಕಿ.

ಹಿತ್ತಲ ಗೋಡೆಯಾಚೆ ಚಾಚಿಯ ಮನೆ. ನಮ್ಮ ಓಣಿಯ ಮಂದಿಯೆಲ್ಲ ಆ ಮುಸಲ್ಮಾನರ ಹೆಣ್ಣುಮಗಳಿಗೆ ಚಾಚಿ ಎಂದೇ ಕರೆಯುವುದು. ಅವಳ ಅಂಗಳದಲ್ಲಿ ಲಿಂಬೆಗಿಡ ಇತ್ತು. ಗಂಡನಿಗೆ, "ಇಲ್ಲೇ ಕುಂದ್ರಿ, ಏಳಬ್ಯಾಡ್ರಿ" ಎಂದು ಹೇಳಿ ಓಡಿದೆ. ಅರ್ಧ ದಾರಿಯಲ್ಲಿ ನೆನಪಾಯಿತು, ಬಾಟಲಿ ಬಯಲಲ್ಲಿದೆ.

"ಚಾಚಿ, ಲಿಂಬಿಹಣ್ಣು ಬೇಕಾಗಿದ್ವು."

"ಮಗ್ರಿಬ್ ನಮಾಜಿನ ಹೊತ್ತಾತಲ್ಲ ಬೇಟಿ. ದೀಪ ಹಚ್ಚಿದ ಮ್ಯಾಲ ಗಿಡಕ್ಕ ಕೈ ಹಚ್ಚಬಾರ್ದು, ಗಿಡ ಮಲಗಿರತೈತಿ."

"ಬಿದ್ದದ್ದರ ಆರಿಸ್ಕೋತೇನ್ರಿ."

"ಆರಿಸ್ಕೊ. ಯಾಕ ಹಿಂಗ ನಡಗಾಕತ್ತೀದಿ?"

ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಮನ್ಯಾಗ ದಾರು ಬಾಟ್ಲಿ ಐತಿ ಚಾಚಿ. ಸಾವಕಾರ್ರ ಅತಿಥಿಗೆ ಮಾಡಿ ಕೊಡಬೇಕು. ನಮ್ಮವರೂ ಮನ್ಯಾಗ ಅದಾರ."

ನಮ್ಮವರನ್ನು ಜೀಪಿಗೆ ಎತ್ತಿ ಹಾಕುವಾಗ ಕಾಲು ಹಿಡಿದವಳು ಈ ಚಾಚಿಯೇ. "ಯಾ ಅಲ್ಲಾ! ಮತ್ತ ನಿಂತು ಮಾತಾಡ್ತೀ ಏನ ಹುಚ್ಚಿ?" ಎಂದವಳೇ ಕಂದೀಲು ತಂದು, ಬಗ್ಗಿ, ನನಗಿಂತ ಮೊದಲು ಗಿಡದ ಬುಡದಲ್ಲಿ ಕೈಯಾಡಿಸಿದಳು. ಸಿಕ್ಕವೆಲ್ಲ ಹಳದಿಯಾಗಿ ಮೆತ್ತಗಾದ ಹಣ್ಣು. ನನ್ನ ಸೆರಗಿಗೆ ಹಾಕಿ ಬೆನ್ನಿಗೆ ಕೈ ಕೊಟ್ಟು ನೂಕಿದಳು. "ಓಡು ಬೇಟಿ, ಓಡು!"

ಬಂದು ನೋಡಿದರೆ ಕಟ್ಟೆಯ ಮೇಲೆ ಗಂಡ ಇಲ್ಲ.

ಅಡುಗೆಮನೆಗೆ ಹಾರಿದೆ. ಬಾಟಲಿ ಒಲೆಯ ಹಿಂದೆಯೇ ಇತ್ತು. ಅದಕ್ಕೆ ಮೆತ್ತಿದ ಜೋಳದ ಹಿಟ್ಟಿನ ಮೇಲೆ ಬೆರಳ ಗುರುತು ಕಂಡವು. ನನ್ನ ಬೆರಳೋ, ಅವರ ಬೆರಳೋ? ನನ್ನ ಕೈಯನ್ನು ಗುರುತಿನ ಮೇಲೆ ಇಟ್ಟು ನೋಡಿದೆ. ಸರಿಯಾಗಿ ಕೂತಿತು. ಮತ್ತೆ ಇಟ್ಟು ನೋಡಿದೆ. ಮುಚ್ಚಳದ ಸೀಲು ಒಡೆದಿರಲಿಲ್ಲ. "ಏನ್ರಿ! ಎಲ್ಲಿದ್ದೀರಿ?" ಎಂದು ಕೂಗಿದರೆ ಹಿಂದಿನ ಬಚ್ಚಲಿನ ಕಡೆಯಿಂದ ದನಿ ಬಂತು.

ಅಲ್ಲಿ ನಮ್ಮವರು ನೀರಿನ ಹಂಡೆಗೆ ಬೆನ್ನು ಕೊಟ್ಟು ಕುಳಿತಿದ್ದರು. ಎದುರಿಗೆ ಅತ್ತೆ. ಮಗನ ಎರಡೂ ಕೈ ತನ್ನ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ಅವರ ಹಣೆಯ ಮೇಲೆ ಬೆವರು, ಆ ಚಳಿಯಲ್ಲಿ.

"ನಾನಽ ಹೇಳೇನಿ ಅವ್ವಗ, ಎಲ್ಲಾ ಹೇಳೇನಿ," ಎಂದರು. "ವಾಸನಿ ಇಲ್ಲ, ಏನಿಲ್ಲ, ಆದ್ರೂ ಒಳಗ ಐತಿ ಅಂತ ಗೊತ್ತೈತಲ್ಲ. ಕಾಲು ತಾವಽ ಎದ್ದುಬಿಟ್ಟಿದ್ವು. ಅದಕ್ಕ ಕೈ ಹಿಡ್ಕೊ ಅಂದೆ."

ಅತ್ತೆ ನನ್ನ ಕಡೆ ನೋಡಿದಳು. "ಮನ್ಯಾಗ ಹಾವು ತಂದಿಟ್ಟು ನನಗ ಹೇಳಲಿಲ್ಲಲ್ಲ ನೀನು," ಎಂದಳು. ಸಿಟ್ಟಿಗಿಂತ ಹೆಚ್ಚಾಗಿ ಅಳು ಇತ್ತು ಆ ದನಿಯಲ್ಲಿ. ನನಗೂ ಅಳು ಬಂತು, ಅಳಲು ಪುರಸತ್ತಿರಲಿಲ್ಲ. ಹೊರಗೆ ಜೀಪು ನಿಂತ ಸಪ್ಪಳ. ಸಾವಕಾರರು ಬಾಯಾರನ್ನು ಮಾಳಿಗೆಗೆ ಕರೆದೊಯ್ಯುವುದು ಕೇಳಿಸಿತು.

ಹಾಲಿನ ಕ್ಯಾನು ತೆಗೆದುಕೊಂಡೆ. ಕುಲುಕಲು ಅದನ್ನು ಬಿಟ್ಟರೆ ಗಟ್ಟಿ ಮುಚ್ಚಳದ್ದು ನಮ್ಮಲ್ಲಿ ಇರಲಿಲ್ಲ. ಉಳಿದ ಮಂಜುಗಡ್ಡೆ ಬಟ್ಟೆಯಲ್ಲಿ ಸುತ್ತಿ ಒಡೆದು ಹಾಕಿದೆ. ಬಾಟಲಿಯ ಸೀಲು ತಿರುವಿದೆ. ಹಸಿ ಕತ್ತಾಳೆಯ ನಾರು ಬಡಿದಾಗ ಬರುವಂಥ ವಾಸನೆ ಬಂತು. ಸಾವಕಾರರು ಮೊದಲೇ ಹೇಳಿದ್ದರು, ನಮ್ಮ ಹೊಲದ ಬದುವಿನ ಕತ್ತಾಳೆಯ ಜಾತಿಯ ಗಿಡದಿಂದಲೇ ಅದನ್ನು ಇಳಿಸುತ್ತಾರೆಂದು. ಅಳೆದು ದಾರು ಹಾಕಿದೆ, ಪಾಕ ಹಾಕಿದೆ, ಲಿಂಬೆ ಹಿಂಡಿದೆ. ಚಾಚಿಯ ಗಿಡದ ಹಣ್ಣು ಬಳಬಳ ರಸ ಬಿಟ್ಟಿತು, ಆದರೆ ಬೆರಳು ನೆಕ್ಕಿದರೆ ಹುಳಿಯೇ ಇಲ್ಲ.

"ಹಣ್ಣು ಬ್ಯಾರೆ ಅದಾವ್ರಿ," ಎಂದು ಕೂಗಿದೆ. "ಪೂರಾ ಮಾಗ್ಯಾವ. ಎಷ್ಟ ಹಾಕಲಿ?"

ಬಚ್ಚಲಿನಿಂದ ಉತ್ತರ ಬಂತು. "ಅದನ್ನ ಹೇಳಾಕ ಬರೂದಿಲ್ಲ," ಎಂದರು. "ರುಚಿ ನೋಡಬೇಕು."

ಸಾವಕಾರರಿಗೆ ಎಂದೂ ಗೊತ್ತಿಲ್ಲದ ರುಚಿ. ಅತ್ತೆ ಮುಟ್ಟುವವಳಲ್ಲ. ಗೊತ್ತಿದ್ದ ನಾಲಿಗೆ ಮನೆಯಲ್ಲಿ ಒಂದೇ. ಬಚ್ಚಲಿನಲ್ಲಿ ಅವರು ಏಳುವ ಸಪ್ಪಳವಾಯಿತು. "ಒಂದು ಹನಿ," ಎಂದರು. ಬರೀ ಎರಡು ಮಾತು, ಆದರೆ ಆ ದನಿ ನನಗೆ ಗೊತ್ತಿತ್ತು. ಹಾವೇರಿಗೆ ಹೋಗುವ ಮೊದಲಿನ ದನಿ ಅದು.

"ಕುಂದ್ರರಿ ಅಲ್ಲೇ!" ಎಂದು ಚೀರಿದೆ. ನನ್ನ ಗಂಡನಿಗೆ ಅಷ್ಟು ದೊಡ್ಡ ದನಿಯಲ್ಲಿ ಅದೇ ಮೊದಲು ನಾನು ಮಾತಾಡಿದ್ದು. "ಅವರ ಕೈ ಬಿಡಬ್ಯಾಡ ಅತ್ತೀ!" ಎಂದು, ಕ್ಯಾನಿನಲ್ಲಿ ಚಮಚೆ ಅದ್ದಿ ನನ್ನ ಬಾಯಿಗೆ ಹಾಕಿಕೊಂಡೆ.

ಉಗುಳಬೇಕೆನಿಸಿತು, ಉಗುಳಲಿಲ್ಲ.

"ಸಿಹಿ ಮುಂದ ಬರತೈತಿ," ಎಂದೆ. "ಹುಳಿ ಹತ್ತೂದಽ ಇಲ್ಲ."

ಅವರು ಬಚ್ಚಲಿನಿಂದಲೇ ಹೇಳಿದರು. "ಲಿಂಬಿ ಇನ್ನ ಅರ್ಧ ಅಳತಿ ಹಾಕು."

ಹಾಕಿ, ಕುಲುಕಿ, ಮತ್ತೆ ಚಮಚೆ ಅದ್ದಿದೆ. "ಈಗ ಹುಳಿ ಐತಿ. ಹಿಂದ ಕಹಿ. ಗಂಟಲು ಸುಡತೈತಿ."

"ಸುಡಬೇಕು. ಸಿಹಿ ಕಡೀಕ ಬರತೈತೇನು, ಮೊದಲಽ ಬರತೈತೇನು?"

ಮೂರನೆಯ ಸಲ ಕಣ್ಣು ಮುಚ್ಚಿ, ಸಾರಿನ ಉಪ್ಪು ನೋಡುವ ಹಾಗೆ ನೋಡಿದೆ. "ಕಡೀಕ."

"ಆತು. ಇನ್ನ ಕೈ ಹಚ್ಚಬ್ಯಾಡ. ಸೋಸಿ ಗ್ಲಾಸಿಗೆ ಹಾಕು."

ಗ್ಲಾಸಿನ ಅಂಚಿಗೆ ಲಿಂಬೆಯ ಹೋಳು ತಿಕ್ಕಿ, ಒರಳಿನಲ್ಲಿ ಉಳಿದಿದ್ದ ಉಪ್ಪಿನಲ್ಲಿ ಬೋರಲು ಹಚ್ಚಿದೆ. ಅಷ್ಟರಲ್ಲಿ ಅತ್ತೆ ಮಗನನ್ನೂ ಕೈ ಹಿಡಿದೇ ಎಳೆದುಕೊಂಡು ಹೊಸ್ತಿಲ ತನಕ ಬಂದಿದ್ದಳು. ಬೈಯುತ್ತಾಳೆಂದು ನಾನು ತಲೆ ತಗ್ಗಿಸಿದೆ. ಅವಳು ಒಂದು ಕೈ ಬಿಡಿಸಿಕೊಂಡು, ಗೂಡಿನಲ್ಲಿದ್ದ ಬೆಲ್ಲದ ಚೂರು ಮುರಿದು ನನ್ನ ಬಾಯಿಗಿಟ್ಟಳು. "ಹೋಗು, ಕೊಟ್ಟು ಬಾ," ಎಂದಳು.

ಮಾಳಿಗೆಯ ಮೇಲೆ ಬಾಯಾರು ಒಂದು ಗುಟುಕು ಕುಡಿದು, ಉಪ್ಪು ಹತ್ತಿದ ತುಟಿ ಒರೆಸಿಕೊಂಡು ನಕ್ಕರು. ನನ್ನ ಕೈ ಹಿಡಿದು ಏನೋ ಅಂದರು. ಸಾವಕಾರರು ಮಜ್ಜಿಗೆಯ ಲೋಟ ಎತ್ತಿ, "ಮಾತು ಮುಗೀತು ತಂಗಿ!" ಎಂದರು. ನಾನು ಬಾಗಿಲಲ್ಲೇ ನಿಂತು ನೋಡಿದೆ. ಆ ಹೆಣ್ಣುಮಗಳು ಆ ಒಂದು ಗ್ಲಾಸನ್ನು ಮಾತಾಡುತ್ತ, ಶೇಂಗಾ ತಿನ್ನುತ್ತ, ನಿಧಾನವಾಗಿ ಮುಗಿಸಿದಳು. ಮುಗಿಸಿ ಕೆಳಗಿಟ್ಟಳು. ಇನ್ನೊಂದು ಬೇಕೇ ಎಂದು ಸಾವಕಾರರು ಕೇಳಿದರೆ ಬೇಡವೆಂದು ತಲೆಯಾಡಿಸಿ ರೊಟ್ಟಿ ಕೇಳಿದಳು. ಹೀಗೂ ಕೆಳಗಿಡಬಹುದೇ? ನನಗೆ ಅದೇ ಸೋಜಿಗವಾಯಿತು. ನನ್ನ ಮನೆಯಲ್ಲಿ ಯಾಕೆ ಹೀಗೆ ಆಗಲಿಲ್ಲ?

ಊಟ ಮುಗಿಸಿ ಇಳಿಯುವಾಗ ಸಾವಕಾರರು, "ಉಳದದ್ದು ನಿನ್ನ ಗಂಡಗ ಕೊಡಬೇಕಂತ. ಛಲೋ ಹೇಳಿಕೊಟ್ಟಾನಂತ ಬಾಯಾರು ಖುಷ್ ಆಗ್ಯಾರ," ಎಂದರು. ಹೇಳಿದ ಮೇಲೆ ತಮಗೇ ಏನೋ ಹೊಳೆದಂತೆ ನನ್ನ ಮುಖ ನೋಡಿ, ಲಗುಬಗೆಯಿಂದ ಜೀಪು ಹತ್ತಿದರು.

ಬಾಟಲಿಯಲ್ಲಿ ಅರ್ಧಕ್ಕಿಂತ ಹೆಚ್ಚು ಇತ್ತು. ಅದನ್ನು ಹಿಡಿದು ನೇರವಾಗಿ ಬಚ್ಚಲಿಗೆ ಹೋದೆ. ನಮ್ಮವರು ಹಿಂದೆ ಬಂದರು. "ಒಳಗ ಹೋಗ್ರಿ," ಎಂದೆ. "ಇಲ್ಲ, ನೋಡ್ತೇನಿ. ನೀ ಸುರುವು," ಎಂದು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತರು. ಗಳಗಳ ಎಂದು ಹರಿದುಹೋಯಿತು. ಹಂಡೆಯ ನೀರು ಸುರಿದೆ, ಮೇಲೆ ಬೂದಿ ಹಾಕಿ ತಿಕ್ಕಿದೆ. ಅವರು ಅಲ್ಲಿಂದ ಕದಲಲಿಲ್ಲ.

"ಒಂದು ಮಾತು ಕೇಳಲೇನು?" ಎಂದರು. "ಬಾಯಾಗ ಹಾಕ್ಕೊಂಡಾಗ ನಿನಗ ಏನ ಅನಸ್ತು?"

ಕೈಯಲ್ಲಿ ಬೂದಿ ಹಿಡಿದೇ ಕುಳಿತೆ. ಇಷ್ಟು ವರ್ಷ ನಾನು ತಿಳಿದುಕೊಂಡದ್ದೇ ಬೇರೆ. ಹೆಂಡತಿ, ಹೆತ್ತ ತಾಯಿ, ತನ್ನ ಜೀವ ಎಲ್ಲವನ್ನೂ ಬಿಟ್ಟು ಒಬ್ಬ ಮನುಷ್ಯ ಅದರ ಹಿಂದೆ ಹೋಗುತ್ತಾನೆಂದರೆ ಅದರಲ್ಲಿ ನನಗೆ ತಿಳಿಯದ ದೊಡ್ಡ ಸುಖವೊಂದು ಇದ್ದೇ ಇರಬೇಕು, ಅದರ ಮುಂದೆ ನಾನು ಯಾವ ಲೆಕ್ಕ ಎಂದುಕೊಂಡಿದ್ದೆ. ಅವರು ಕುಡಿದು ಬಂದಾಗಲೆಲ್ಲ ನನ್ನನ್ನು ಸುಟ್ಟದ್ದು ಅದೇ. ಈಗ ನನ್ನ ನಾಲಿಗೆಯ ಮೇಲೆ ಅದು ಇಳಿದು ಹೋಗಿತ್ತು. ಹುಳಿ, ಕಹಿ, ಒಂದಿಷ್ಟು ಉರಿ.

"ಇಷ್ಟಽ ಏನ್ರಿ?" ಎಂದೆ. ಅಷ್ಟು ಹೊತ್ತು ತಡೆದಿದ್ದ ಅಳು ಒಡೆದು ಬಂತು. "ಇಷ್ಟಕ್ಕಽ ಏನ್ರಿ ನನ್ನ ಬಿಟ್ಟು ಹೋಗ್ತಿದ್ರಿ?"

ಅವರು ಬೆನ್ನ ಹಿಂದಿನ ಕೈ ಬಿಚ್ಚಿ, ಬಚ್ಚಲಿನ ಒದ್ದೆ ಕಲ್ಲಿನ ಮೇಲೆ ನನ್ನ ಎದುರಿಗೆ ಕುಳಿತರು.

"ಹೂಂ," ಎಂದರು. "ಇಷ್ಟಽ."